ದೇವಾಲಯದ ಬಾಗಿಲಲ್ಲಿ ಕೇಳಿಬಂದ ಮಾತು

ನಾಜಿಗಳು ನಡೆಸಿದ ಯೆಹೂದ್ಯರ ಹತ್ಯಾಕಾಂಡವನ್ನು ಕುರಿತ ‘ಶೋಆ’ ಸಾಕ್ಷ್ಯಚಿತ್ರ ತೆರೆಕಂಡದ್ದು 1985ರಲ್ಲಿ. ಒಂಬತ್ತು ಗಂಟೆಗೂ ಮೀರಿದ ಈ ಚಿತ್ರದಲ್ಲಿ ನಿರ್ದೇಶಕ ಕ್ಲೋಡ್ ಲಾಂಜ್‌ಮನ್ ಬದುಕುಳಿದವರನ್ನೂ ಕಣ್ಣಾರೆ ಕಂಡವರನ್ನೂ ಮಾತನಾಡಿಸುತ್ತಾರೆ. ಒಂದು ದೃಶ್ಯ ಪೋಲೆಂಡಿನ ಖೆಲ್ಮ್ನೊ ಗ್ರಾಮದ ಕಥೋಲಿಕ ದೇವಾಲಯದ ಮುಂದೆ ನಡೆಯುತ್ತದೆ. ಅಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಆ ಊರಿನ ಮರಣಶಿಬಿರದಿಂದ ಬಾಲಕನಾಗಿ ಪಾರಾಗಿದ್ದ ಸೈಮನ್ ಸ್ರೆಬ್ನಿಕ್ ಜನರ ನಡುವೆ ಮೌನವಾಗಿ ನಿಂತಿದ್ದಾರೆ. ಜನರು ಅವರನ್ನು ಅಕ್ಕರೆಯಿಂದಲೇ ಗುರುತಿಸುತ್ತಾರೆ. ಆದರೆ ಯೆಹೂದ್ಯರಿಗೆ ಈ ಗತಿ ಏಕೆ ಬಂತೆಂಬ ಮಾತು ಬಂದಾಗ, ಕ್ರಿಸ್ತನ ರಕ್ತದ ಹೊಣೆ ಅವರ ಮೇಲಿತ್ತೆಂಬ ವಿವರಣೆ ಅದೇ ಗುಂಪಿನಿಂದ ಹೊರಡುತ್ತದೆ!

ಈ ಮಾತಿನ ಮೂಲವೆಲ್ಲಿ? ಇದನ್ನು ಬಹಳ ಹಿಂದೆಯೇ ಶೋಧಿಸಿದವರು ಫ್ರಾನ್ಸಿನ ಯೆಹೂದ್ಯ ಇತಿಹಾಸಕಾರ ಜೂಲ್ ಇಸಾಕ್. 1943ರಲ್ಲಿ ಸೆರೆಯಾದ ಅವರ ಪತ್ನಿ ಮತ್ತು ಮಗಳು ಮರಳಿ ಬರಲಿಲ್ಲ. ತಲೆಮರೆಸಿಕೊಂಡು ಬದುಕುತ್ತಲೇ ಅವರು ಶುಭಸಂದೇಶಗಳನ್ನು ಅಭ್ಯಸಿಸಿ ಬರೆದ ‘ಯೇಸು ಮತ್ತು ಇಸ್ರಯೇಲ್’ 1948ರಲ್ಲಿ ಪ್ರಕಟವಾಯಿತು. ಯೇಸು, ಅವರ ತಾಯಿ, ಪ್ರೇಷಿತರು ಎಲ್ಲರೂ ಯೆಹೂದ್ಯರೇ. ಇಡೀ ಜನಾಂಗವೇ ಶಾಪಗ್ರಸ್ತವೆಂಬ ತಿರಸ್ಕಾರ ಶುಭಸಂದೇಶದ್ದಲ್ಲ, ಕ್ರೈಸ್ತರ ಬೋಧನೆಯಲ್ಲಿ ಬೆಳೆದದ್ದು ಎಂಬುದು ಅವರ ವಾದ.

ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹೀನಾಯಿಸುವಂತಿದ್ದ ಪದವನ್ನು ಜಗದ್ಗುರು ಇಪ್ಪತ್ತಮೂರನೆಯ ಜಾನ್ 1959ರಲ್ಲಿ ತೆಗೆಸಿದರು. 1960ರ ಜೂನ್ 13ರಂದು, 82 ವರ್ಷದ ಇಸಾಕ್ ಅವರನ್ನು ಕಂಡು, ಧರ್ಮಸಭೆಯ ಬೋಧನೆಯೇ ತಿದ್ದುಪಡಿಯಾಗಬೇಕೆಂದು ಬಿನ್ನವಿಸಿಕೊಂಡರು. ಜಗದ್ಗುರುಗಳು ಆ ಹೊಣೆಯನ್ನು ಕಾರ್ಡಿನಲ್ ಬೇಯಾ ಅವರಿಗೆ ವಹಿಸಿದರು. 1963ರಲ್ಲಿ ತೀರಿಕೊಂಡ ಇಸಾಕ್ ಫಲವನ್ನು ಕಾಣಲಿಲ್ಲ. 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರ ಎತಾತೆ’ ಘೋಷಣೆ ಹೊರಬಂತು. ಪ್ರಭುವಿನ ಯಾತನೆಯ ಹೊಣೆಯನ್ನು ಅಂದಿನ ಯೆಹೂದ್ಯರೆಲ್ಲರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಲಾಗದು ಎಂದು ಅದು ಸಾರಿತು. 1986ರಲ್ಲಿ ರೋಮಿನ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಭೇಟಿಯಿತ್ತ ಎರಡನೆಯ ಜಾನ್ ಪೌಲರು ಅವರನ್ನು ನಮ್ಮ ಹಿರಿಯ ಸಹೋದರರೆಂದು ಕರೆದರು.

ಆದರೂ ಘೋಷಣೆಯಾಗಿ ಇಪ್ಪತ್ತು ವರ್ಷಗಳ ತರುವಾಯ ತೆರೆಕಂಡ ಚಿತ್ರದಲ್ಲಿ ಹಳೆಯ ಮಾತು ದೇವಾಲಯದ ಬಾಗಿಲಲ್ಲೇ ಉಳಿದಿತ್ತು. ರೋಮಿನಲ್ಲಿ ಸಹಿಯಾದ ಪತ್ರ ತಾನಾಗಿ ಮನೆಮನೆಗೆ ನಡೆದು ಬರುವುದಿಲ್ಲ. ಬೋಧಿಸುವ ಗುರುಗಳೂ ತಂದೆತಾಯಿಯರೂ ಅದನ್ನು ಹೊತ್ತು ತರಬೇಕು. ಶುಭ ಶುಕ್ರವಾರ ಸಂತ ಯೊವಾನ್ನರ ಯಾತನಾ ವೃತ್ತಾಂತವನ್ನು ಆಲಿಸಿದ ಮಗು, “ಯೇಸುವನ್ನು ಕೊಂದವರು ಯಾರು?” ಎಂದು ಕೇಳಿದರೆ ನಾವೇನು ಹೇಳುತ್ತೇವೆ? ಎಲ್ಲ ಮಾನವರ ಪಾಪಗಳಿಗಾಗಿ ಪ್ರಭು ತಾವಾಗಿಯೇ ಪ್ರಾಣವಿತ್ತರೆಂಬುದು ನಮ್ಮ ವಿಶ್ವಾಸ. ಆ ಎಲ್ಲರಲ್ಲಿ ನಾವೂ ಇದ್ದೇವೆ.