ಗೈಬು ರಾಜ: ಬಿದನೂರಿನ ಒಬ್ಬ ಹಕ್ಕುದಾರನ ಕಥೆಯ ಮರುಪರಿಶೀಲನೆ

ಬಿದನೂರಿನಿಂದ ಆಳಿದ ಕೆಳದಿ ಅರಸರ ವಂಶಾವಳಿಯಲ್ಲಿ ಚೆನ್ನಬಸಪ್ಪ ನಾಯಕನಿಗೆ ಸಿಗುವುದು ಒಂದೆರಡು ಸಾಲು. ಎರಡನೆಯ ಬಸಪ್ಪ ನಾಯಕನ ದತ್ತುಪುತ್ರ, ಅಲ್ಪಕಾಲ ಆಳಿದ, 1757ರ ಹೊತ್ತಿಗೆ ಇಲ್ಲವಾದ. ಬಳಿಕ ರಾಣಿ ವೀರಮ್ಮಾಜಿ ಇನ್ನೊಬ್ಬ ಬಾಲಕ ಸೋಮಶೇಖರನನ್ನು ದತ್ತು ಪಡೆದು ತಾನೇ ರಾಜ್ಯಭಾರ ನಡೆಸಿದಳು. ಬದುಕಿದ್ದಾಗ ಸುದ್ದಿಯಾಗದ ಈ ಹುಡುಗ ಸತ್ತ ಮೇಲೆ ರಾಜ್ಯವನ್ನೇ ಉರುಳಿಸಿದ ಎನ್ನಬೇಕು.

1763ರಲ್ಲಿ ಚಿತ್ರದುರ್ಗದ ಪಾಳೆಯಗಾರ ಒಬ್ಬ ತರುಣನನ್ನು ಹೈದರ್ ಅಲಿಯ ಮುಂದೆ ನಿಲ್ಲಿಸಿ, ಇವನೇ ಚೆನ್ನಬಸಪ್ಪ ಎಂದ. ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟವಾದ ತನ್ನ ಇತಿಹಾಸದಲ್ಲಿ ಕೊಡುವ ವಿವರ ಹೀಗಿದೆ: ರಾಣಿಯ ನಡತೆಯನ್ನು ಆಕ್ಷೇಪಿಸಿದ ಹುಡುಗನನ್ನು ಕೊಲ್ಲಲು ಅವಳು ಒಬ್ಬ ಜಟ್ಟಿಯನ್ನು ನೇಮಿಸಿದಳು. ಕನಿಕರಪಟ್ಟ ಜಟ್ಟಿ ತನ್ನನ್ನು ಕೊಲ್ಲದೆ ಬಚ್ಚಿಟ್ಟು ಕಾಪಾಡಿದ ಎಂಬುದು ತರುಣನ ಹೇಳಿಕೆ.

ಈ ಕಥೆಯ ಕಟ್ಟನ್ನು ಬಿಚ್ಚಿ ನೋಡಬೇಕು. ಕೊಲೆಯ ಸಂಚಿಲ್ಲದಿದ್ದರೆ ಜಟ್ಟಿಗೆ ಕೆಲಸವಿಲ್ಲ; ಜಟ್ಟಿಯಿಲ್ಲದಿದ್ದರೆ ಬದುಕಿ ಬಂದ ಹಕ್ಕುದಾರನೂ ಇಲ್ಲ. ರಾಣಿಯ ಮೇಲಿನ ಆರೋಪವೂ ತರುಣನ ಹಕ್ಕೂ ಒಂದೇ ನೂಲಿನ ಎರಡು ತುದಿ. ನೂಲು ಹಿಡಿದವರಾದರೂ ಯಾರು? 1748ರ ಮಾಯಕೊಂಡದ ಕಾಳಗದಲ್ಲಿ ಬಿದನೂರು ಎದುರುಪಕ್ಷದಲ್ಲಿತ್ತು. ಚಿತ್ರದುರ್ಗದ ದೊರೆ ಅಲ್ಲೇ ಮಡಿದ. ಆ ಮನೆತನಕ್ಕೆ ಹಗೆ ತೀರಿಸಲು ಕಾರಣವಿತ್ತು. ಹೈದರನಿಗೋ, ದಂಡೆತ್ತಿ ಬಂದವನೆಂಬುದರ ಬದಲು ನ್ಯಾಯದ ಅರಸನನ್ನು ಕೂರಿಸಲು ಬಂದವನೆಂಬ ಹೆಸರು ಬೇಕಿತ್ತು. ದತ್ತಕವೇ ರೂಢಿಯಾಗಿದ್ದ ಮನೆತನದಲ್ಲಿ (ಹಿಂದಿನ ರಾಣಿ ಕೆಳದಿ ಚೆನ್ನಮ್ಮನ ಉತ್ತರಾಧಿಕಾರಿ ಮೊದಲನೆಯ ಬಸಪ್ಪನೂ ದತ್ತುಪುತ್ರನೇ) ತಂದೆಯ ಮುಖಚಹರೆ ನೋಡಿ ಗುರುತು ಹಿಡಿಯುವ ಮಾತೂ ಇರಲಿಲ್ಲ.

ಇಂಥದ್ದು ನಮ್ಮ ಮಲೆನಾಡಿಗಷ್ಟೇ ಸೇರಿದ್ದಲ್ಲ. ರಷ್ಯಾದ ರಾಜಕುಮಾರ ದಿಮಿತ್ರಿ 1591ರಲ್ಲಿ ಬಾಲಕನಾಗಿಯೇ ಸತ್ತ. ಅವನ ಹೆಸರು ಹೊತ್ತವನೊಬ್ಬ ಪೋಲೆಂಡಿನ ಬೆಂಬಲದಿಂದ 1605ರಲ್ಲಿ ಮಾಸ್ಕೋದ ಗದ್ದುಗೆ ಏರಿದ, ಮರುವರ್ಷ ಕೊಲೆಯಾದ. ಅವನಿಗೆ ಪಟ್ಟವಾದರೂ ಸಿಕ್ಕಿತು. ಬಿದನೂರಿನವನಿಗೆ ಅಷ್ಟೂ ಇಲ್ಲ.

ಹೈದರ್ ಬಿದನೂರನ್ನು ಹಿಡಿದಾಗ ಅಪಾರ ಸಂಪತ್ತು ಕೈಸೇರಿತು. ಊರಿಗೆ ಹೈದರ್‌ನಗರವೆಂಬ ಹೆಸರು ಬಂತು. ಇಂದಿನ ಹೊಸನಗರ ತಾಲ್ಲೂಕಿನ ನಗರ ಅದೇ. ಹಕ್ಕುದಾರನಿಗೆ ದಂಡಿನವರು ಇಟ್ಟ ಹೆಸರು ಗೈಬು ರಾಜ. ಗೈಬು ಎಂದರೆ ಕಣ್ಣಿಗೆ ಕಾಣದ್ದು, ಮಾಯವಾದದ್ದು. ಆ ಅಡ್ಡಹೆಸರಿನಲ್ಲೇ ಅಪಹಾಸ್ಯವಿದೆ. ಅವನನ್ನು ನಿಜಕ್ಕೂ ನಂಬಿದವರು ಆ ಪಾಳೆಯದಲ್ಲಿ ಹೆಚ್ಚು ಇದ್ದಂತಿಲ್ಲ. ಕೊನೆಗೆ ಅವನನ್ನೂ, ಅವನು ಯಾರ ಮೇಲೆ ಕೊಲೆಯ ಆರೋಪ ಹೊರಿಸಿದ್ದನೋ ಆ ವೀರಮ್ಮಾಜಿಯನ್ನೂ, ಬಾಲಕ ಸೋಮಶೇಖರನನ್ನೂ ಮಧುಗಿರಿಯ ಬೆಟ್ಟದ ಸೆರೆಗೆ ಕಳಿಸಲಾಯಿತು. 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಗೆದ್ದು ರಾಣಿಯನ್ನು ಬಿಡಿಸಿದ. ಪುಣೆಯ ದಾರಿಯಲ್ಲಿ ಅವಳು ತೀರಿಕೊಂಡಳು.

ಗೆದ್ದವರ ಪಾಳೆಯಕ್ಕೆ ಇಷ್ಟು ಒದಗಿಬಂದ ಕಥೆಯನ್ನು ವೀರಮ್ಮಾಜಿಯ ವಿರುದ್ಧ ಸಾಕ್ಷಿಯಾಗಿ ಬಳಸುವುದು ಸಲ್ಲದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೆಯ ಮನೆಗಳ ಅಟ್ಟದಲ್ಲಿ 1763ಕ್ಕಿಂತ ಹಿಂದಿನ ಕಡತ, ತಾಳೆಗರಿ ಇದ್ದರೆ ದಯವಿಟ್ಟು ಒಲೆಗೋ ಗುಜರಿಗೋ ಹಾಕದೆ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ತೋರಿಸಿ.