ಮನೋವಿಜ್ಞಾನ

ಮನೋವಿಜ್ಞಾನವು ಮನಸ್ಸಿನ ವ್ಯಾಪಾರಗಳನ್ನೂ ವರ್ತನೆಯನ್ನೂ ವೀಕ್ಷಣೆ, ಪ್ರಯೋಗ ಹಾಗೂ ಅಳತೆಗಳ ಮೂಲಕ ಅರಿಯುವ ಶಾಸ್ತ್ರ. ಗ್ರಹಿಕೆ, ಕಲಿಕೆ, ನೆನಪು, ಭಾವನೆ, ಬುದ್ಧಿಶಕ್ತಿ, ವ್ಯಕ್ತಿತ್ವ ಇವು ಇದರ ವಸ್ತು. ಮನಸ್ಸಿನ ಚಿಂತನೆ ಉಪನಿಷತ್ತು, ಯೋಗದರ್ಶನ, ಗ್ರೀಕ್ ತತ್ತ್ವಶಾಸ್ತ್ರಗಳಷ್ಟು ಹಳೆಯದು, ಪ್ರಯೋಗಾಲಯ ಹೊಸದು. 1879ರಲ್ಲಿ ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಾಲಯದಿಂದ ಈ ಶಾಸ್ತ್ರದ ಸ್ವತಂತ್ರ ಬದುಕನ್ನು ಎಣಿಸುವುದು ವಾಡಿಕೆ.

ಕಣ್ಣಿಗೆ ಕಾಣದ ಮನಸ್ಸನ್ನು ಅಳೆಯುವುದು ಹೇಗೆ? ಹರ್ಮನ್ ಎಬ್ಬಿಂಗ್‌ಹೌಸ್ ಕೊಟ್ಟ ಉತ್ತರ ಇಂದಿಗೂ ಮಾದರಿ. ಪರಿಚಿತ ಪದಗಳಿಗೆ ಹಳೆಯ ನೆನಪುಗಳು ಅಂಟಿಕೊಂಡಿರುತ್ತವೆಂದು ಆತ ಅರ್ಥವಿಲ್ಲದ ಸುಮಾರು 2,300 ಅಕ್ಷರಪುಂಜಗಳನ್ನು ಕಟ್ಟಿ, ಅವುಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿದ. ಸ್ವಲ್ಪ ಕಾಲ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದ. ಇಪ್ಪತ್ತು ನಿಮಿಷಗಳ ನಂತರ ಉಳಿತಾಯ ಶೇ. 58, ಒಂದು ದಿನದ ನಂತರ ಶೇ. 34, ತಿಂಗಳ ನಂತರ ಶೇ. 21. ಮರೆವು ಮೊದಲು ಧಾವಿಸುತ್ತದೆ, ಆಮೇಲೆ ನಿಧಾನಿಸುತ್ತದೆ. 1885ರಲ್ಲಿ ಪ್ರಕಟವಾದ ಈ ಫಲಿತಾಂಶ, 2015ರಲ್ಲಿ ಮರುಪ್ರಯೋಗ ನಡೆದಾಗಲೂ ಬಹುಮಟ್ಟಿಗೆ ನಿಂತಿತು. ಎಲ್ಲ ಸಂಶೋಧನೆಗಳಿಗೂ ಈ ಭಾಗ್ಯವಿಲ್ಲ: ಅದೇ ವರ್ಷ ಪ್ರಕಟವಾದ ಇನ್ನೊಂದು ಯೋಜನೆಯಲ್ಲಿ 100 ಅಧ್ಯಯನಗಳನ್ನು ಪುನಃ ನಡೆಸಿದಾಗ ಅರ್ಧಕ್ಕಿಂತ ಕಡಿಮೆ ಮಾತ್ರ ಮೊದಲಿನ ಫಲ ನೀಡಿದವು. ತನ್ನ ತಪ್ಪನ್ನು ತಾನೇ ಹುಡುಕಿ ಬಯಲಿಗಿಟ್ಟ ಈ ಪ್ರಾಮಾಣಿಕತೆಯೇ ಮನೋವಿಜ್ಞಾನಕ್ಕೆ ವಿಜ್ಞಾನವೆಂಬ ಹೆಸರನ್ನು ನ್ಯಾಯವಾಗಿ ದೊರಕಿಸುತ್ತದೆ.

ಏನನ್ನು ಅಭ್ಯಸಿಸಬೇಕೆಂಬುದರಲ್ಲಿ ಭಿನ್ನಮತಗಳಿದ್ದವು. ಫ್ರಾಯ್ಡ್ ಸುಪ್ತ ಮನಸ್ಸಿಗೆ ಒತ್ತು ಕೊಟ್ಟರೆ, 1913ರಲ್ಲಿ ಜಾನ್ ವಾಟ್ಸನ್ ಕಣ್ಣಿಗೆ ಕಾಣುವ ವರ್ತನೆಯೊಂದನ್ನೇ ಅಭ್ಯಸಿಸಬೇಕೆಂದು ವಾದಿಸಿದ. ಇಪ್ಪತ್ತನೇ ಶತಮಾನದ ಮಧ್ಯದ ಬಳಿಕ ಆಲೋಚನೆ, ನೆನಪುಗಳ ಅಧ್ಯಯನ ಮತ್ತೆ ಮುನ್ನೆಲೆಗೆ ಬಂತು.

ಭಾರತದಲ್ಲಿ ಮನೋವಿಜ್ಞಾನದ ಮೊದಲ ವಿಭಾಗ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಮೈಸೂರು ಹಿಂದೆ ಬೀಳಲಿಲ್ಲ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ವಿಭಾಗ ರೂಪುಗೊಂಡಿತು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಆರಂಭಿಸಿದವರೂ ಇವರೇ.

ಮಾನಸಿಕ ತೊಂದರೆಗೆ ಚಿಕಿತ್ಸೆ ನೀಡುವವರಲ್ಲಿ ಮನೋವೈದ್ಯರು ವೈದ್ಯಪದವಿ ಪಡೆದವರು, ಔಷಧಿ ಬರೆಯಬಲ್ಲರು. ಚಿಕಿತ್ಸಾ ಮನೋವಿಜ್ಞಾನಿಗಳು ಪರೀಕ್ಷೆ ಹಾಗೂ ಮನೋಚಿಕಿತ್ಸೆಗಳಲ್ಲಿ ತರಬೇತಿ ಪಡೆದವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಎರಡೂ ಶಿಕ್ಷಣ ಲಭ್ಯ. ಮಾನಸಿಕ ನೆರವು ಬೇಕಾದವರು ಸರ್ಕಾರದ ಟೆಲಿ ಮನಸ್ ಉಚಿತ ಸಂಖ್ಯೆ 14416ಕ್ಕೆ ಹಗಲಿರುಳು ಕರೆ ಮಾಡಬಹುದು. ಕನ್ನಡದಲ್ಲೂ ಸೇವೆ ಇದೆ.