ನಿಘಂಟಿನಿಂದ ತರಗತಿಗೆ: ತುಳು ಭಾಷೆ ಮತ್ತು ಸಭೆಯ ಹೊಣೆ

ಭಾಷೆಯೊಂದನ್ನು ದಾಖಲಿಸುವುದು ಒಂದು ಕಾರ್ಯ. ಅದನ್ನು ಮುಂದಿನ ಪೀಳಿಗೆಗೆ ದಾಟಿಸುವುದು ಮತ್ತೊಂದು. ಕರ್ನಾಟಕದ ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಮೊದಲನೆಯದನ್ನು ಕುರಿತು ನಾವು ಅಭಿಮಾನದಿಂದ ಮಾತನಾಡುತ್ತೇವೆ. ಎರಡನೆಯದನ್ನು ಕುರಿತು ವಿರಳವಾಗಿ. ತುಳುವಿನ ಚರಿತ್ರೆ ಇವೆರಡನ್ನೂ ಒಟ್ಟಾಗಿ ನಮ್ಮ ಮುಂದಿಡುತ್ತದೆ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. 1841ರಲ್ಲಿ ಅದರ ಮುದ್ರಣಾಲಯ ಆರಂಭವಾಯಿತು. ಗ್ರೈನರ್ ಮತ್ತು ಅಮ್ಮನ್ ಅವರ ಶ್ರಮದಿಂದ ತುಳು ಹೊಸ ಒಡಂಬಡಿಕೆ 1847ರಲ್ಲಿ ಹೊರಬಂದಿತು. ಅದಕ್ಕೆ ಕನ್ನಡ ಲಿಪಿಯನ್ನು ಬಳಸಲಾಯಿತು. ತುಳು ಮುದ್ರಣ ಬಹುಮಟ್ಟಿಗೆ ಇಂದಿಗೂ ಅದೇ ದಾರಿಯಲ್ಲಿದೆ. 1872ರಲ್ಲಿ ಬ್ರಿಗೆಲ್ ಅವರ ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಪ್ರಕಟವಾದವು. ಮ್ಯಾನರ್ ಪಾಡ್ದನಗಳನ್ನೂ ಸಂಗ್ರಹಿಸಿ ಅದೇ ವರ್ಷ ಅಚ್ಚು ಹಾಕಿಸಿದರು. ಭೂತಾರಾಧನೆಯನ್ನು ಉಪದೇಶಪೀಠದಿಂದ ಖಂಡಿಸುತ್ತಿದ್ದ ಮಿಷನ್, ಅದೇ ಆರಾಧನೆಯ ಹಾಡುಗಳನ್ನು ತನ್ನ ಮುದ್ರಣಾಲಯದಲ್ಲಿ ಉಳಿಸಿತು.

ಆದರೆ ಮಿಷನ್ ಶಾಲೆಗಳ ಪಾಠ ಮುಖ್ಯವಾಗಿ ಕನ್ನಡದಲ್ಲಿ ನಡೆಯಿತು. ತುಳು ಮನೆ, ಗದ್ದೆ, ಸಂತೆಗಳ ಮಾತಾಗಿ ಉಳಿಯಿತು. ಪುಸ್ತಕಗಳ ಮುಖಪುಟದಲ್ಲಿ ಮಿಷನರಿಗಳ ಹೆಸರಿತ್ತು. ಒಂದೊಂದು ಪದದ ಅರ್ಥವನ್ನು ಹೇಳಿಕೊಟ್ಟ ತುಳುವರು ಹಿನ್ನೆಲೆಗೆ ಸರಿದರು.

ಅಮೆರಿಕದ ಡಕೋಟಾ ಜನರ ಚರಿತ್ರೆಯೂ ಹೀಗೆಯೇ ಆರಂಭವಾಗುತ್ತದೆ. ಮಿಷನರಿ ಸ್ಟೀಫನ್ ರಿಗ್ಸ್ ಸಂಪಾದಿಸಿದ ಡಕೋಟಾ ವ್ಯಾಕರಣ ಮತ್ತು ನಿಘಂಟು 1852ರಲ್ಲಿ ಪ್ರಕಟವಾಯಿತು. 1941ರ ವ್ಯಾಕರಣದ ಮುಖಪುಟದಲ್ಲಾದರೋ ಫ್ರಾಂಜ್ ಬೋವಾಸ್ ಜೊತೆಗೆ ಎಲಾ ಡೆಲೋರಿಯಾ ಅವರ ಹೆಸರಿದೆ. ಆಕೆ ಆ ಜನಾಂಗದವರೇ, ಸಭಾಪಾಲಕರೊಬ್ಬರ ಮಗಳು. ಇಂದು ಡಕೋಟಾ ಜನಾಂಗವೇ ನಡೆಸುವ ಸಿಸ್ಸೆಟನ್ ವಾಹ್ಪೆಟನ್ ಕಾಲೇಜಿನಂಥ ಸಂಸ್ಥೆಗಳಲ್ಲಿ ಆ ಭಾಷೆಯ ಬೋಧನೆ ನಡೆಯುತ್ತದೆ.

ತುಳುವಿಗೂ ಇಂಥ ತಿರುವು ಕಾಲೇಜಿನ ಆವರಣದಲ್ಲಿಯೇ ಬಂದಿತು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರವು ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ಮುಂದೆ ತುಳು ಶಾಲೆಗಳಲ್ಲಿ ತೃತೀಯ ಭಾಷೆಯಾಯಿತು. ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ವಿಷಯವೂ ಆಯಿತು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಮಂದಿ ತುಳುವನ್ನು ಮಾತೃಭಾಷೆಯೆಂದು ಹೇಳಿದ್ದರೂ ಅದು ಸಂವಿಧಾನದ ಎಂಟನೆಯ ಅನುಸೂಚಿಗೆ ಇನ್ನೂ ಸೇರಿಲ್ಲ.

ಇದರಲ್ಲಿ ದೇವಶಾಸ್ತ್ರದ ಪ್ರಶ್ನೆಯೊಂದಿದೆ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ಜನರು ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ಭಾಷೆಗಳಲ್ಲಿ ಕೇಳಿದರು. ಭಾಷೆಯನ್ನು ಸುವಾರ್ತೆಯ ವಾಹನವೆಂದು ಮಾತ್ರ ಎಣಿಸಿದರೆ, ಅನುವಾದ ಮುಗಿದ ದಿನವೇ ಸಭೆಯ ಹೊಣೆಯೂ ಮುಗಿಯುತ್ತದೆ. ಭಾಷೆಯನ್ನು ಆಡುವವರ ಘನತೆಯ ಅಂಗವೆಂದು ಎಣಿಸಿದರೆ, ಹೊಣೆ ಅಲ್ಲಿಂದಲೇ ಆರಂಭವಾಗುತ್ತದೆ. ಮಾವಳ್ಳಿಯಿಂದ ಮಲ್ಲೇಶ್ವರದವರೆಗೆ ಬೆಂಗಳೂರಿನಲ್ಲಿ ಸೇವೆಗೆ ಸಿದ್ಧರಾಗುವ ನಮ್ಮ ಮುಂದೆ, ಮನೆಯಲ್ಲಿ ತುಳುವಾಡಿ ಆರಾಧನೆಯಲ್ಲಿ ಬೇರೆ ಭಾಷೆಗೆ ಹೊರಳುವ ಕುಟುಂಬಗಳು ಕುಳಿತಿರುತ್ತವೆ. ಅವರ ಅಜ್ಜಿಯಂದಿರ ಪ್ರಾರ್ಥನೆಗಳನ್ನು ಕೇಳಿ ಬರೆದಿಟ್ಟು, ಅವರ ಹೆಸರಿನಲ್ಲಿಯೇ ಉಳಿಸಿ, ಮಕ್ಕಳಿಗೆ ಕಲಿಸಲು ನೆರವಾಗುವುದೂ ಸಭಾಪಾಲನೆಯೇ. ಮ್ಯಾನರ್ ಅವರ ನಿಘಂಟಿಗೆ ನಾವು ಸಲ್ಲಿಸಬಹುದಾದ ಸರಿಯಾದ ಗೌರವ ಅದು.